ನೀರು ಬೆನ್ನ ಹಿಂದಿನಿಂದ ಬರುತ್ತದೆ

ಈ ವರ್ಷ, 2026ರಲ್ಲಿ, ಯುಗಾದಿ ಮಾರ್ಚ್ 19ಕ್ಕೆ. ಮಾರ್ಚ್ 29ರ ಭಾನುವಾರ ಬೆಳಗಿನ ಜಾವ ಬ್ರಿಟನ್ನಿನ ಗಡಿಯಾರಗಳು ಒಂದು ಗಂಟೆ ಮುಂದಕ್ಕೆ ಹೋಗುತ್ತವೆ. ಏಪ್ರಿಲ್ 2ಕ್ಕೆ ಹುಣ್ಣಿಮೆ, 3ಕ್ಕೆ ಗುಡ್ ಫ್ರೈಡೇ, 5ಕ್ಕೆ ಈಸ್ಟರ್. ಕ್ಯಾಲೆಂಡರಿನ ಮೇಲೆ ಇವಕ್ಕೆ ಒಂದಕ್ಕೊಂದು ಸಂಬಂಧವಿಲ್ಲ. ಇಂಗ್ಲೆಂಡಿನ ವಾಯವ್ಯ ಕರಾವಳಿಯ ಮೋರ್‌ಕಂಬ್ ಕೊಲ್ಲಿಗೆ ಹೋಗಿ, ಕೆಂಟ್ ನದಿ ಸಮುದ್ರ ಸೇರುವಲ್ಲಿನ ಆರ್ನ್‌ಸೈಡ್ ಊರಿನ ದಡದಲ್ಲಿ ನಿಂತರೆ ಮಾತ್ರ ಸಂಬಂಧ ತಿಳಿಯುತ್ತದೆ. ವರ್ಷದ ದೊಡ್ಡ ಉಬ್ಬರಗಳು, ಚಳಿ ಕಳೆದ ಮೇಲಿನ ಮೊದಲ ಉದ್ದನೆಯ ರಜೆ, ವಾರದ ಹಿಂದಷ್ಟೇ ಬದಲಾದ ಗಡಿಯಾರ, ಈ ಮೂರೂ ಒಂದೇ ವಾರದಲ್ಲಿ ಬಂದು ಕೂತಿವೆ.

ಉಬ್ಬರವೂ ರಜೆಯೂ ಹೀಗೆ ಕೂಡಿಬರುವುದು ಈ ವರ್ಷದ ಆಕಸ್ಮಿಕವಲ್ಲ. ಈಸ್ಟರ್ ಲೆಕ್ಕ ಹಾಕುವ ಕ್ರಮವೇ ಹಾಗಿದೆ: ವಸಂತ ವಿಷುವದ ನಂತರದ ಹುಣ್ಣಿಮೆ, ಅದಾದ ಮೇಲಿನ ಭಾನುವಾರ. ವಿಷುವದ ಆಸುಪಾಸಿನಲ್ಲಿ ಸೂರ್ಯ, ಚಂದ್ರ ಎರಡೂ ಭೂಮಧ್ಯರೇಖೆಯ ನೇರಕ್ಕೆ ಬಂದು ಒಟ್ಟಿಗೆ ಎಳೆಯುವುದರಿಂದ ಆಗಿನ ಹುಣ್ಣಿಮೆ ಅಮಾವಾಸ್ಯೆಗಳ ಉಬ್ಬರ ಉಳಿದ ತಿಂಗಳುಗಳದ್ದಕ್ಕಿಂತ ಜೋರು. ಹುಣ್ಣಿಮೆ ಕಳೆದ ಒಂದೆರಡು ದಿನಕ್ಕೆ ಅದು ನೆತ್ತಿಗೇರುತ್ತದೆ. ಈ ಸಲ ಆ ಒಂದೆರಡು ದಿನ ಎಂದರೆ ಸರಿಯಾಗಿ ರಜೆಯ ಶುಕ್ರವಾರ ಮತ್ತು ಶನಿವಾರ. ನಮ್ಮ ಯುಗಾದಿಯೂ ಇದೇ ಲೆಕ್ಕದ್ದು, ಅಮಾವಾಸ್ಯೆಯ ಕಡೆಯಿಂದ. ಗೋಡೆಗೆ ತೂಗುಹಾಕಿದ ಪಂಚಾಂಗ ಓದಲು ಬರುವವರಿಗೆ ಸಮುದ್ರದ ಅರ್ಧ ವೇಳಾಪಟ್ಟಿ ಮನೆಯಲ್ಲೇ ಇದೆ.

ಮ್ಯಾಂಚೆಸ್ಟರ್, ಪ್ರೆಸ್ಟನ್, ಲಿವರ್‌ಪೂಲ್ ಕಡೆಯ ಕನ್ನಡ ಕುಟುಂಬಗಳು ಈಸ್ಟರ್ ಪಿಕ್‌ನಿಕ್ಕಿಗೆ ಜಾಗ ಗೊತ್ತುಮಾಡಿಕೊಳ್ಳುವ ಹೊತ್ತು ಇದು. ಪುಳಿಯೋಗರೆ ಯಾರು ತರುವುದು, ಕಾರಿನಲ್ಲಿ ಎಷ್ಟು ಸೀಟು ಖಾಲಿ ಎಂಬುದೆಲ್ಲ ವಾಟ್ಸ್ಆ್ಯಪ್ ಗುಂಪಿನಲ್ಲಿ ಸವಿಸ್ತಾರವಾಗಿ ಇತ್ಯರ್ಥವಾಗುತ್ತದೆ. ಉಬ್ಬರ ಎಷ್ಟು ಹೊತ್ತಿಗೆ ಎಂದು ಕೇಳುವವರು ಅಪರೂಪ. ಅಪಘಾತ ನಡೆದ ಮೇಲೆ ಬರೆಯುವ ಸಂಪಾದಕೀಯ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಅದಕ್ಕೇ ಇದನ್ನು ಈಗಲೇ ಬರೆಯುತ್ತಿದ್ದೇವೆ.

ಜಾಗ ಕೆಟ್ಟದ್ದೆಂದು ಹೇಳಲು ಹೊರಟಿಲ್ಲ. ಇಂಗ್ಲೆಂಡಿನಲ್ಲಿ ಕಾಲ್ನಡಿಗೆಗೆ ಇಷ್ಟು ಚೆಂದದ ದಡಗಳು ಬಹಳವಿಲ್ಲ. 1972ರಿಂದ ಇದು ಸಂರಕ್ಷಿತ ಭೂದೃಶ್ಯ. ರೈಲಿನಲ್ಲಿ ಬಂದರೆ ಆರ್ನ್‌ಸೈಡ್ ನಿಲ್ದಾಣದ ಪಕ್ಕದಲ್ಲೇ ಕೆಂಟ್ ನದಿಯ ಅಳಿವೆಯನ್ನು ದಾಟುವ, 1857ರಲ್ಲಿ ಕಟ್ಟಿದ ರೈಲು ಸೇತುವೆ. ಅಲ್ಲಿಂದ ಊರಿನ ದಡದ ರಸ್ತೆ ಹಿಡಿದು ಹೋದರೆ ನ್ಯೂ ಬಾರ್ನ್ಸ್ ಎಂಬ ಸಣ್ಣ ಕುಡಾ. ಅದನ್ನು ದಾಟಿದ ಮೇಲೆ ಎಡಗಡೆ ಸುಣ್ಣಕಲ್ಲಿನ ಗಿಡ್ಡ ಬಂಡೆಗೋಡೆ ಏಳುತ್ತದೆ, ಬಲಗಡೆ ಅಳಿವೆ ಅಗಲವಾಗುತ್ತ ಹೋಗುತ್ತದೆ. ಬ್ಲ್ಯಾಕ್‌ಸ್ಟೋನ್ ಪಾಯಿಂಟ್ ಮೂಲೆ ಸುತ್ತಿದರೆ ವೈಟ್ ಕ್ರೀಕ್, ಆಮೇಲೆ ಫಾರ್ ಆರ್ನ್‌ಸೈಡ್, ಇನ್ನೂ ದಕ್ಷಿಣಕ್ಕೆ ಸಿಲ್ವರ್‌ಡೇಲ್, ಕೊನೆಗೆ ಹಳೆಯ ಒಂಟಿ ಚಿಮಣಿ ನಿಂತಿರುವ ಜೆನ್ನಿ ಬ್ರೌನ್ಸ್ ಪಾಯಿಂಟ್. ಮೇಲೆ 159 ಮೀಟರ್ ಎತ್ತರದ ಆರ್ನ್‌ಸೈಡ್ ನಾಟ್ ಗುಡ್ಡ, ಅದರ ಮೈತುಂಬ ಕಾಡು.

ಕರ್ನಾಟಕದ ಕರಾವಳಿಯವರಿಗೆ ಈ ಕಲ್ಲು ಹೊಸದು. ನಮ್ಮ ಕಡಲ ದಂಡೆಯ ಕಲ್ಲು ಎಂದರೆ ಮುರಕಲ್ಲು, ಇಲ್ಲವೇ ಕಪ್ಪು ಬಂಡೆ. ಸುಣ್ಣಕಲ್ಲು ನೋಡಬೇಕೆಂದರೆ ಒಳನಾಡಿಗೆ ಹೋಗಿ ಯಾಣದ ಬಂಡೆಗಳ ಬುಡದಲ್ಲಿ ನಿಲ್ಲಬೇಕು. ಅಡುಗೆಮನೆಗೆ ಹಾಸುವ ಶಹಾಬಾದ್ ಚಪ್ಪಡಿಯೂ ಸುಣ್ಣಕಲ್ಲೇ, ಆದರೆ ಅದನ್ನು ನಯ ಮಾಡಿ ಕೊಟ್ಟಿರುತ್ತಾರೆ. ಇಲ್ಲಿನದನ್ನು ಮಳೆಯೂ ಸಮುದ್ರವೂ ಸೇರಿ ಒರಟು ಮಾಡಿವೆ. 33 ಕೋಟಿ ವರ್ಷಕ್ಕೂ ಹಿಂದೆ ಬೆಚ್ಚಗಿನ, ಆಳವಿಲ್ಲದ ಸಮುದ್ರದ ತಳದಲ್ಲಿ ಚಿಪ್ಪು, ಹವಳಗಳು ಅಡಕವಾಗಿ ಆದ ಕಲ್ಲು ಇದು. ಮಳೆನೀರಿನ ಸಣ್ಣ ಹುಳಿಗೆ ಕರಗುತ್ತದೆ. ಕರಗುವುದು ಎಲ್ಲ ಕಡೆ ಸಮನಾಗಿ ಅಲ್ಲ: ಬಿರುಕಿದ್ದಲ್ಲಿ ಆಳವಾಗಿ, ಬಿರುಕುಗಳ ನಡುವೆ ಬಟ್ಟಲು ಬಟ್ಟಲಾಗಿ. ಬಟ್ಟಲುಗಳ ಅಂಚು ಹೊಸದಾಗಿ ಉಳಿ ಹೊಡೆಸಿದ ಒರಳಿನ ಹಾಗೆ ಕೈಗೆ ಚುಚ್ಚುತ್ತದೆ. ಬಿರುಕುಗಳು ಒಂದು ಪಾದ ಸಲೀಸಾಗಿ ಇಳಿಯುವಷ್ಟು ಅಗಲ, ಮೊಣಕಾಲು ಮುಳುಗುವಷ್ಟು ಆಳ. ಒಣಗಿದ್ದಾಗ ಶೂ ಚೆನ್ನಾಗಿ ಹಿಡಿಯುತ್ತದೆ. ಉಬ್ಬರ ಬಂದು ಹೋದ ಕಲ್ಲಿನ ಮೇಲೆ ಮಾತ್ರ ಕಣ್ಣಿಗೆ ಕಾಣದಷ್ಟು ತೆಳುವಾದ ಕೆಸರಿನ ಪದರ ಕೂತಿರುತ್ತದೆ, ಅದರ ಮೇಲೆ ಪಾಚಿ. ಅಲ್ಲಿ ಓಡಲು ಆಗುವುದಿಲ್ಲ. ನೀರು ಬರುತ್ತಿದೆ ಎಂದು ಗೊತ್ತಾದ ಕ್ಷಣ ಮನುಷ್ಯ ಮೊದಲು ಮಾಡುವುದು ಓಡುವುದೇ.

ಈ ಕಲ್ಲಿನಲ್ಲಿ ಇನ್ನೊಂದು ಓದು ಇದೆ. ಬಂಡೆಗೋಡೆಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬನ್ನಿ. ಹುಲ್ಲು, ಮರದ ಬೇರು, ಕಲ್ಲುಹೂವಿನ ಬೂದು ಕಲೆಗಳು ಒಂದು ಎತ್ತರಕ್ಕೆ ಬಂದು ನಿಂತುಬಿಡುತ್ತವೆ. ಅಲ್ಲಿಂದ ಕೆಳಗಿನದೆಲ್ಲ ಸಮುದ್ರದ ಸೊತ್ತು. ಇಳಿತದ ಹೊತ್ತಿನಲ್ಲಿ, ನೀರು ಕಣ್ಣಿಗೆ ಕಾಣದಷ್ಟು ದೂರ ಸರಿದಿದ್ದಾಗ, ಆ ಗೆರೆ ನಿಮ್ಮ ತಲೆಗಿಂತ ಮೇಲಿದೆಯೇ ಎಂದು ಒಮ್ಮೆ ನೋಡಿದರೆ ಸಾಕು. ದಡದ ಎಷ್ಟೋ ಕಡೆ ಇರುತ್ತದೆ. ಯಾವ ಇಲಾಖೆಯೂ ಬರೆಸದ ಎಚ್ಚರಿಕೆ ಫಲಕ ಅದು.

ಈಗ ನೀರಿನ ವಿಷಯ. ಮಂಗಳೂರು, ಹೊನ್ನಾವರ, ಕಾರವಾರಗಳಲ್ಲಿ ಉಬ್ಬರ ಇಳಿತಗಳ ನಡುವಿನ ಅಂತರ ಹೆಚ್ಚೆಂದರೆ ಎರಡು ಮೀಟರಿನ ಆಸುಪಾಸು. ಮೋರ್‌ಕಂಬ್ ಕೊಲ್ಲಿಯಲ್ಲಿ ದೊಡ್ಡ ಉಬ್ಬರದ ದಿನ ಅದು ಹತ್ತು ಮೀಟರ್ ಮುಟ್ಟುತ್ತದೆ. ಮೂರು ಅಂತಸ್ತಿನ ಮನೆಯ ಎತ್ತರ. ಕೊಲ್ಲಿಯ ತಳ ಸಪಾಟಾಗಿರುವುದರಿಂದ ಈ ಎತ್ತರ ದೂರವಾಗಿ ಮಾರ್ಪಡುತ್ತದೆ: ಇಳಿತದಲ್ಲಿ ನೀರು ಹತ್ತು ಹನ್ನೆರಡು ಕಿಲೋಮೀಟರ್ ಹಿಂದೆ ಸರಿದು, 300 ಚದರ ಕಿಲೋಮೀಟರಿಗೂ ಮಿಕ್ಕಿದ ಮರಳು, ಕೆಸರು ಬಯಲಾಗುತ್ತದೆ. ಬ್ರಿಟನ್ನಿನಲ್ಲಿ ಒಂದೇ ಕಡೆ ಇಷ್ಟು ದೊಡ್ಡ ಮರಳು ಬಯಲು ಇನ್ನೊಂದಿಲ್ಲ. ಅದನ್ನು ನೋಡಿದ ಹೊಸಬರಿಗೆ ಸಮುದ್ರ ತೀರದಲ್ಲಿದ್ದೇವೆ ಎಂದೇ ಅನಿಸುವುದಿಲ್ಲ. ಮಕ್ಕಳಿಗಂತೂ ಕ್ರಿಕೆಟ್ ಮೈದಾನವೇ ಕಾಣುತ್ತದೆ.

ನಮ್ಮ ಕರಾವಳಿಯಲ್ಲಿ ಬೆಳೆದವರೇ ಇಲ್ಲಿ ಹೆಚ್ಚು ಎಚ್ಚರ ತಪ್ಪುವ ಸಂಭವವಿದೆ ಎಂದು ನಮಗೆ ಅನಿಸುತ್ತದೆ. ಕೋಲಾರದವರೋ ಚಿತ್ರದುರ್ಗದವರೋ ಆದರೆ ಸಮುದ್ರ ಎಂದ ಕೂಡಲೇ ಒಂದು ಹೆಜ್ಜೆ ಹಿಂದೆ ಇಡುತ್ತಾರೆ. ಕುಮಟಾ ಕಡೆಯವರಿಗೆ ‘ಇದೆಲ್ಲ ನಾವು ನೋಡದ್ದೇ’ ಎಂಬ ಸಲಿಗೆ. ನೀರು ಆರು ಗಂಟೆ ಏರುತ್ತದೆ, ಆರು ಗಂಟೆ ಇಳಿಯುತ್ತದೆ, ಇಳಿದು ಮುಗಿದ ಮೇಲೆ ಎರಡು ಮೂರು ಗಂಟೆಯಾದರೂ ಕಾಲಾವಕಾಶ ಉಂಟು ಎಂಬ ಲೆಕ್ಕ ತಲೆಯಲ್ಲಿ ಕೂತಿರುತ್ತದೆ. ಕೆಂಟ್ ಅಳಿವೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಅಳಿವೆಯ ಮರಳು ತಳ ಎತ್ತರದಲ್ಲಿದೆ. ಹೊರಗಿನ ಸಮುದ್ರ ಏರಲು ಶುರುವಾಗಿ ಗಂಟೆಗಟ್ಟಲೆ ಆದರೂ ಆರ್ನ್‌ಸೈಡಿನಲ್ಲಿ ಏನೂ ಆಗದು. ನದಿ ಇನ್ನೂ ಸಮುದ್ರದ ಕಡೆಗೇ ಹರಿಯುತ್ತಿರುತ್ತದೆ. ಪೂರ್ತಿ ಉಬ್ಬರಕ್ಕೆ ಎರಡು ಗಂಟೆಯ ಆಸುಪಾಸು ಉಳಿದಾಗ, ತಡೆದಿಟ್ಟದ್ದೆಲ್ಲ ಒಮ್ಮೆಗೇ ಒಳಗೆ ನುಗ್ಗುತ್ತದೆ. ದೊಡ್ಡ ಉಬ್ಬರದ ದಿನ ಅದು ಅಳಿವೆಗೆ ಅಡ್ಡಲಾಗಿ ಚಲಿಸುವ ಒಂದು ನೊರೆಗೆರೆಯಾಗಿ ಬರುತ್ತದೆ. ನೋಡಲು ರೈಲಿನಲ್ಲಿ ಜನ ಬರುತ್ತಾರೆ. ಅಲೆ ಎತ್ತರದ್ದೇನಲ್ಲ, ಎಷ್ಟೋ ಸಲ ಕ್ಯಾಮೆರಾ ಹಿಡಿದು ಕಾದವರಿಗೆ ‘ಇಷ್ಟೇನಾ’ ಅನಿಸುತ್ತದೆ. ನೋಡಬೇಕಾದದ್ದು ಅದರ ಹಿಂದಿನದು. ಗೆರೆ ಹಾದುಹೋದ ಮೇಲೆ ನೀರಿನ ಮಟ್ಟ ಕೆಳಗಿಳಿಯುವುದಿಲ್ಲ, ಏರುತ್ತಲೇ ಹೋಗುತ್ತದೆ. ಕಾಲು ಗಂಟೆಯ ಹಿಂದೆ ಜನ ನಾಯಿ ಅಡ್ಡಾಡಿಸುತ್ತಿದ್ದ ಮರಳು ದಿಬ್ಬ ಇಲ್ಲವಾಗಿರುತ್ತದೆ.

ಇನ್ನೊಂದು ಮಾತು, ಈ ಇಡೀ ಬರಹದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ನೀರು ಎದುರಿನಿಂದ ಬರುವುದಿಲ್ಲ. ಮರಳು ಬಯಲು ಸಪಾಟಾಗಿ ಕಂಡರೂ ಅದರಲ್ಲಿ ಸಣ್ಣ ಸಣ್ಣ ಕಾಲುವೆಗಳಿವೆ. ಎಷ್ಟೋ ಕಾಲುವೆಗಳು ದಡಕ್ಕೆ ತಾಗಿಕೊಂಡೇ ಇವೆ. ತಗ್ಗು ಜಾಗವಾದ್ದರಿಂದ ಅವು ಮೊದಲು ತುಂಬುತ್ತವೆ. ನೀವು ದಡದಿಂದ ಇನ್ನೂರು ಮೀಟರ್ ದೂರದ ದಿಬ್ಬದ ಮೇಲೆ, ಒಣ ಮರಳಿನಲ್ಲಿ, ಸಮುದ್ರದ ಕಡೆ ಮುಖ ಮಾಡಿ ನಿಂತಿರುತ್ತೀರಿ. ಎದುರಿಗೆ ನೀರಿಲ್ಲ. ಅಷ್ಟರಲ್ಲಿ ಬೆನ್ನ ಹಿಂದೆ, ನಿಮಗೂ ದಡಕ್ಕೂ ನಡುವೆ, ನೀವು ಬರುವಾಗ ಜಿಗಿದು ದಾಟಿದ್ದ ಕಾಲುವೆ ತುಂಬಿ ಹರಿಯುತ್ತಿರುತ್ತದೆ. ಬಂಡೆಯ ದಡದಲ್ಲೇ ನಡೆಯುವವರ ಪಾಡೂ ಬೇರೆಯಲ್ಲ. ಬ್ಲ್ಯಾಕ್‌ಸ್ಟೋನ್ ಪಾಯಿಂಟಿನಂಥ ಮೂಲೆಗಳ ಬುಡಕ್ಕೆ ನೀರು ಮೊದಲು ಮುಟ್ಟುತ್ತದೆ. ಎರಡು ಮೂಲೆಗಳ ನಡುವಿನ ಕುಡಾದಲ್ಲಿ ಕೂತು ತಿಂಡಿ ತಿನ್ನುತ್ತಿರುವವರ ಕಾಲಬುಡ ಇನ್ನೂ ಒಣಗಿಯೇ ಇರುತ್ತದೆ. ಹಿಂದಿರುಗುವ ದಾರಿ ಮುಚ್ಚಿದ್ದು ಬುತ್ತಿ ಕಟ್ಟಿ ಎದ್ದಾಗಲೇ ಗೊತ್ತಾಗುವುದು. ಆಮೇಲೆ ಉಳಿದದ್ದು ಬಂಡೆಗೋಡೆ ಹತ್ತುವುದು. ಕಾಡಿನೊಳಗೆ, ಮೇಲ್ಗಡೆ, ಚೆನ್ನಾದ ಕಾಲುದಾರಿ ಇದೆ; ಅದನ್ನು ದಡಕ್ಕೆ ಇಳಿಯುವ ಮುನ್ನವೇ ನೋಡಿಟ್ಟುಕೊಂಡವರಿಗೆ ಪ್ರಯೋಜನ.

ಮರಳಿನ ಬಗ್ಗೆಯೂ ಎರಡು ಮಾತು. ಸಿನಿಮಾದಲ್ಲಿ ತೋರಿಸುವ ಹಾಗೆ ಹೂಳುಮರಳು ಮನುಷ್ಯನನ್ನು ತಲೆಯವರೆಗೆ ನುಂಗುವುದಿಲ್ಲ. ತೀರ ನುಣ್ಣನೆಯ ಮರಳಿನ ಕಣಗಳ ನಡುವೆ ನೀರು ತುಂಬಿರುತ್ತದೆ. ಕಾಲಿಟ್ಟು ಅಲುಗಾಡಿಸಿದಾಗ ಅದು ಗಂಜಿಯಾಗುತ್ತದೆ, ಅಲುಗಾಟ ನಿಂತ ಕೂಡಲೇ ಕಾಲಿನ ಸುತ್ತ ಬಿಗಿಯುತ್ತದೆ. ಮೊಣಕಾಲಿನವರೆಗೆ ಸಿಕ್ಕಿದವನಿಗೆ ಮರಳಿನಿಂದ ಸಾವಿಲ್ಲ. ಸಾವು ಬರುವುದು ಆಮೇಲೆ ಬರುವ ನೀರಿನಿಂದ. ಕೆಂಟ್ ಸೇತುವೆ ಕಟ್ಟಿದ ಇಂಜಿನಿಯರ್ ಜೇಮ್ಸ್ ಬ್ರನ್‌ಲೀಸ್ ಇದೇ ಗುಣವನ್ನು ಕೆಲಸಕ್ಕೆ ಹಚ್ಚಿದ. ಕಂಬದ ಬುಡಕ್ಕೆ ರಭಸವಾಗಿ ನೀರು ಹಾಯಿಸಿ, ಮರಳು ಸಡಿಲವಾದಂತೆ ಕಂಬವನ್ನು ಇಳಿಸಿ, ನೀರು ನಿಲ್ಲಿಸಿದರೆ ಮರಳೇ ಕಂಬವನ್ನು ಹಿಡಿದುಕೊಳ್ಳುತ್ತಿತ್ತು. ಕಂಬಕ್ಕೆ ಒಳ್ಳೆಯದಾದದ್ದು ಕಾಲಿಗೆ ಒಳ್ಳೆಯದಲ್ಲ. ಸಿಕ್ಕಿಕೊಂಡರೆ ಜಗ್ಗಾಡಬಾರದು, ಕೈಯಲ್ಲಿದ್ದ ಭಾರ ಎಸೆದು, ಹಿಂದಕ್ಕೆ ಒರಗಿ ಮೈಭಾರ ಹರಡಿ, ಒಂದೊಂದೇ ಕಾಲನ್ನು ನಿಧಾನಕ್ಕೆ ಆಡಿಸಿ ಬಿಡಿಸಿಕೊಳ್ಳಬೇಕು. ಗಟ್ಟಿ ನೆಲದಲ್ಲಿ ನಿಂತವರು ಎಳೆಯಲೆಂದು ಹತ್ತಿರ ಹೋಗದೆ ಮೊದಲು ಫೋನ್ ಮಾಡಬೇಕು.

ಮೊಬೈಲಿನ ನಕ್ಷೆ ಇಲ್ಲಿ ನೆರವಾಗದು. ಕೆಂಟ್ ನದಿಯ ಹರಿವಿನ ಕಾಲುವೆ ಕೊಲ್ಲಿಯಲ್ಲಿ ಅತ್ತಿಂದಿತ್ತ ಅಲೆಯುತ್ತ ಇರುತ್ತದೆ. ಎದುರು ದಡದ ಗ್ರೇಂಜ್-ಓವರ್-ಸ್ಯಾಂಡ್ಸ್ ಊರಿನವರು ಸಮುದ್ರ ನೋಡುತ್ತ ಅಡ್ಡಾಡಲೆಂದು ದಡದ ಹಾದಿ ಕಟ್ಟಿಕೊಂಡರು. ನದಿ ಇತ್ತ ಸರಿಯಿತು, ಅವರ ಹಾದಿಯ ಎದುರು ಈಗ ಹುಲ್ಲು. ನದಿ ಸರಿದ ಈ ಕಡೆ, ಸಿಲ್ವರ್‌ಡೇಲಿನ ಮುಂದೆ ಕುರಿ ಮೇಯುತ್ತಿದ್ದ ಉಪ್ಪುಹುಲ್ಲಿನ ಬಯಲು ಕೊಚ್ಚಿಹೋಯಿತು. ಜೆನ್ನಿ ಬ್ರೌನ್ಸ್ ಪಾಯಿಂಟಿನ ಹತ್ತಿರ ಹತ್ತೊಂಬತ್ತನೆಯ ಶತಮಾನದಲ್ಲಿ ಸಮುದ್ರವನ್ನು ತಡೆದು ಹೊಲ ಮಾಡುತ್ತೇವೆಂದು ಹೊರಟವರು ಕಲ್ಲಿನ ಒಡ್ಡು ಹಾಕಿ ದಿವಾಳಿಯಾದರು. ಆ ಒಡ್ಡು ಮರಳಿನಲ್ಲಿ ಹೂತುಹೋಗಿ, ದಶಕಗಳ ಮೇಲೆ ಮತ್ತೆ ಹೊರಬಂತು. ಇಂಥ ಕಡೆ ಹೋದ ವರ್ಷದ ದಾರಿ ಈ ವರ್ಷ ದಾರಿಯಲ್ಲ.

ಹೀಗಾಗಿಯೇ ಈ ಮರಳು ದಾಟಿಸಲು ರಾಜಮನೆತನ ನೇಮಿಸುವ ಮಾರ್ಗದರ್ಶಕರ ಹುದ್ದೆ ಹದಿನಾರನೆಯ ಶತಮಾನದಿಂದ ಇಂದಿನವರೆಗೆ ನಡೆದುಬಂದಿದೆ. ಅದಕ್ಕೂ ಮುನ್ನ ಕಾರ್ಟ್‌ಮೆಲ್ ಮಠದ ಸನ್ಯಾಸಿಗಳು ಈ ಕೆಲಸ ಮಾಡುತ್ತಿದ್ದರು. 1963ರಿಂದ 2019ರವರೆಗೆ ಸೆಡ್ರಿಕ್ ರಾಬಿನ್ಸನ್ ಆ ಹುದ್ದೆಯಲ್ಲಿದ್ದರು. ಸಂಬಳ ವರ್ಷಕ್ಕೆ 15 ಪೌಂಡ್, ಜತೆಗೆ ಇರಲು ಒಂದು ಮನೆ. ಸಾವಿರಾರು ಜನರನ್ನು ಮರಳಿನ ಮೇಲೆ ನಡೆಸಿಕೊಂಡು ಹೋದ ಈ ಮೀನುಗಾರ ಪ್ರತಿ ನಡಿಗೆಗೂ ಮುನ್ನ ತಾವೇ ಹೋಗಿ ದಾರಿ ಪರೀಕ್ಷಿಸಿ, ದಾಟುವ ಜಾಗಕ್ಕೆ ಲಾರೆಲ್ ಗಿಡದ ಕೊಂಬೆ ನೆಟ್ಟು ಬರುತ್ತಿದ್ದರು. ಸ್ಥಳೀಯರು ಆ ಕೊಂಬೆಗಳಿಗೆ ಬ್ರಾಬ್ ಎನ್ನುತ್ತಾರೆ. ಅರ್ಧ ಶತಮಾನ ಒಂದೇ ಮರಳಿನ ಮೇಲೆ ಓಡಾಡಿದವರೂ ನಿನ್ನೆಯ ಗುರುತನ್ನು ನಂಬುತ್ತಿರಲಿಲ್ಲ. ಕೊಲ್ಲಿಯನ್ನು ಅಡ್ಡ ದಾಟುವ ಆಸೆ ಇದ್ದವರು ಇಂದಿಗೂ ಇಂಥ ಅಧಿಕೃತ ಮಾರ್ಗದರ್ಶಕರ ಗುಂಪಿನಲ್ಲೇ ಹೋಗಬೇಕು, ಬೇರೆ ದಾರಿಯಿಲ್ಲ.

ಆರ್ನ್‌ಸೈಡಿನಲ್ಲಿ ಸೈರನ್ ಇದೆಯಲ್ಲ ಎನ್ನಬಹುದು. ಇದೆ. ಉಬ್ಬರಕ್ಕೆ ಮುನ್ನ ಎರಡು ಸಲ ಕೂಗುತ್ತದೆ: ನೀರು ಬರುತ್ತಿದೆ ಎಂದು ಒಮ್ಮೆ, ನೀರು ಬಂತು ಎಂದು ಇನ್ನೊಮ್ಮೆ. ಒಳ್ಳೆಯ ವ್ಯವಸ್ಥೆ, ಅದು ಹಾಗೆಯೇ ನಡೆಯಬೇಕು. ಆದರೆ ಸೈರನ್ ಏನು ಹೇಳುತ್ತಿದೆ ಎಂದು ಗೊತ್ತಿಲ್ಲದವನಿಗೆ ಅದು ಬರಿಯ ಶಬ್ದ. ನಮ್ಮಲ್ಲಿ ಸೈರನ್ ಎಂದರೆ ಮಿಲ್ಲಿನ ಪಾಳಿ ಬದಲಾಯಿತು ಎಂದು. ಊಟದ ಡಬ್ಬಿ ಬಿಚ್ಚಲು ಹೇಳುವ ಶಬ್ದ ಅದು. ಬಂಡೆಮೂಲೆಯ ಆಚೆ ಇದ್ದು, ಗಾಳಿ ಸಮುದ್ರದ ಕಡೆಯಿಂದ ಬೀಸುತ್ತಿದ್ದರೆ ಕೇಳುವುದೂ ಅನುಮಾನ. ಸೈರನ್ ಕೊನೆಯ ಎಚ್ಚರಿಕೆ. ಅದನ್ನೇ ಮೊದಲನೆಯದೆಂದು ನಂಬಿ ಮರಳಿಗೆ ಇಳಿಯುವವರ ಬಗ್ಗೆ ನಮ್ಮ ಆತಂಕ.

ಎಚ್ಚರಿಕೆ ಕೊಟ್ಟರೂ ಅದು ತಲುಪದೆ ಹೋದರೆ ಏನಾಗುತ್ತದೆ ಎಂಬುದು ಈ ಕೊಲ್ಲಿಗೆ ಚೆನ್ನಾಗಿ ಗೊತ್ತು. 2004ರ ಫೆಬ್ರವರಿ 5ರ ರಾತ್ರಿ, ಸಿಲ್ವರ್‌ಡೇಲಿನ ದಕ್ಷಿಣಕ್ಕೆ ವಾರ್ಟನ್ ಸ್ಯಾಂಡ್ಸ್ ಎಂಬಲ್ಲಿ ಚೀನಾದಿಂದ ಬಂದಿದ್ದ ಕೂಲಿಗಳು ಕಾಕಲ್ ಹೆಕ್ಕುತ್ತಿದ್ದರು. ಕಾಕಲ್ ಎಂದರೆ ಉತ್ತರ ಕನ್ನಡದವರು ಬಳಚು ಎನ್ನುವಂಥ ಚಿಪ್ಪಿನ ಜೀವಿ. ಮರುದಿನ ಹುಣ್ಣಿಮೆ. ಕನಿಷ್ಠ 21 ಮಂದಿ ಮುಳುಗಿ ಸತ್ತರು. ಹೆಚ್ಚಿನವರು ಫೂಜಿಯಾನ್ ಪ್ರಾಂತ್ಯದವರು. ಇಂಗ್ಲಿಷ್ ಬಾರದು, ಕೊಲ್ಲಿ ಗೊತ್ತಿಲ್ಲ, ಮೇಸ್ತ್ರಿ ಹೇಳಿದಷ್ಟು ಹೊತ್ತು ಕೆಲಸ. ಆ ಸಂಜೆ ಕೆಲಸ ಮುಗಿಸಿ ದಡಕ್ಕೆ ಮರಳುತ್ತಿದ್ದ ಸ್ಥಳೀಯರು ಅವರಿಗೆ ಹೇಳಲು ಪ್ರಯತ್ನಿಸಿದರು. ಭಾಷೆ ತಿಳಿಯದೆ, ಕೈಗಡಿಯಾರದ ಮೇಲೆ ಬೆರಳು ಕುಟ್ಟಿ ತೋರಿಸಿದರು. ಹೊತ್ತಾಯಿತು, ನೀರು ಬರುತ್ತದೆ ಎಂಬುದು ಅದರ ಅರ್ಥ. ಎದುರಿನವರಿಗೆ ಅದು ಏನೆಂದು ಕಂಡಿತೋ. ಮೇಸ್ತ್ರಿಗೆ 2006ರಲ್ಲಿ 14 ವರ್ಷ ಜೈಲಾಯಿತು. ಕೂಲಿ ಮೇಸ್ತ್ರಿಗಳು ಪರವಾನಗಿ ಪಡೆಯಲೇಬೇಕೆಂಬ ಕಾಯ್ದೆ ದುರಂತದ ವರ್ಷವೇ, 2004ರಲ್ಲೇ, ಬಂತು.

ನಮ್ಮವರು ಇಲ್ಲಿ ಕಾಕಲ್ ಹೆಕ್ಕಲು ಬಂದವರಲ್ಲ, ಆಸ್ಪತ್ರೆ, ಐಟಿ ಕಂಪನಿ, ವಿಶ್ವವಿದ್ಯಾಲಯಗಳಿಗೆ ಬಂದವರು, ಇಂಗ್ಲಿಷ್ ಬಲ್ಲವರು ಎಂದು ಯಾರಾದರೂ ಹೇಳಿದರೆ ಅದು ಪೂರ್ತಿ ಸಮಾಧಾನವಲ್ಲ. ಈಸ್ಟರಿಗೆ ಊರಿನಿಂದ ಬಂದಿರುವ ಅಪ್ಪ ಅಮ್ಮ ಇರುತ್ತಾರೆ. ಹತ್ತು ವರ್ಷದ ಮಕ್ಕಳಿರುತ್ತಾರೆ. ಸೆಪ್ಟೆಂಬರಿನಲ್ಲಿ ಕೋರ್ಸಿಗೆ ಸೇರಿ, ಇನ್ನೂ ಒಂದು ಬೇಸಿಗೆಯನ್ನೂ ನೋಡದ ಹುಡುಗರಿರುತ್ತಾರೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ ಮುಳುಗಿದ ನಾಲ್ವರು ವಿದ್ಯಾರ್ಥಿನಿಯರು ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಪ್ರವಾಸ ಬಂದಿದ್ದವರು. ಕಡಲು ಬೇರೆ, ಅಪಾಯದ ಬಗೆ ಬೇರೆ. ಅಲ್ಲಿ ಅಲೆ ಎಳೆದೊಯ್ಯುತ್ತದೆ, ಇಲ್ಲಿ ನೀರು ಸುತ್ತುವರಿಯುತ್ತದೆ. ಎರಡೂ ಕಡೆ ಬಲಿಯಾದವರು ದೂರದಿಂದ ಬಂದವರು. ಅಘನಾಶಿನಿ ಅಳಿವೆಯಲ್ಲಿ ಇಳಿತ ನೋಡಿಕೊಂಡು ಬಳಚು ಹೆಕ್ಕಲು ಇಳಿಯುವ ಹೆಂಗಸರಿಗೆ ಉಬ್ಬರದ ಪಟ್ಟಿ ಬೇಕಿಲ್ಲ. ಅವರನ್ನೇ ಕರೆತಂದು ಆರ್ನ್‌ಸೈಡಿನಲ್ಲಿ ನಿಲ್ಲಿಸಿದರೆ ಅವರೂ ಮೊದಲು ಊರಿನವರನ್ನು ಕೇಳುತ್ತಿದ್ದರು. ನೀರಿನ ಜತೆ ಬದುಕಿದವರ ಅಭ್ಯಾಸ ಅದು.

ಹಾಗಾದರೆ ಏನು ಮಾಡಬೇಕು? ಬೇಲಿ ಹಾಕಿ, ದಡಕ್ಕೆ ಇಳಿಯುವುದನ್ನೇ ನಿಲ್ಲಿಸಿ ಎಂಬ ಕೂಗು ಪ್ರತಿ ದುರಂತದ ಹಿಂದೆಯೂ ಏಳುತ್ತದೆ. ನಾವು ಅದಕ್ಕೆ ವಿರುದ್ಧ. ನಡೆಯುವ ದಾರಿಗಳನ್ನು ಸಾರ್ವಜನಿಕರಿಗೆ ಉಳಿಸಿಕೊಂಡಿರುವುದು ಈ ದೇಶದ ದೊಡ್ಡ ಗುಣಗಳಲ್ಲಿ ಒಂದು. ಕೆಲವರ ಅಜಾಗರೂಕತೆಗೆ ಅದನ್ನು ಬಲಿಕೊಡುವುದು ಬೇಡ. ಕೆಲಸ ನಡೆಯಬೇಕಾದದ್ದು ದಡಕ್ಕೆ ಬರುವ ಮೊದಲು. ಹೊರದೇಶದಿಂದ ನರ್ಸ್, ವೈದ್ಯರನ್ನು ಕರೆಸಿಕೊಳ್ಳುವ ಆಸ್ಪತ್ರೆಗಳೂ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳೂ ಮೊದಲ ವಾರದ ಪರಿಚಯ ತರಗತಿಯಲ್ಲಿ ಕಸದ ಡಬ್ಬಿಯ ಬಣ್ಣ ಯಾವುದಕ್ಕೆ ಯಾವುದು ಎಂದು ವಿವರಿಸುತ್ತವೆ. ಈ ಕೊಲ್ಲಿಯ ಸುತ್ತಲಿನ ಸಂಸ್ಥೆಗಳಾದರೂ ಅದರ ಜತೆ ಉಬ್ಬರಕ್ಕೆ ಹತ್ತು ನಿಮಿಷ ಕೊಡಲಿ. ದಡದ ಫಲಕಗಳಲ್ಲಿ ಅಕ್ಷರ ಕಡಿಮೆ ಇರಲಿ, ಚಿತ್ರ ಹೆಚ್ಚಿರಲಿ: ದಿಬ್ಬದ ಮೇಲೆ ನಿಂತ ಮನುಷ್ಯ, ಅವನ ಬೆನ್ನ ಹಿಂದೆ ತುಂಬಿದ ಕಾಲುವೆ. ಆ ಒಂದು ಚಿತ್ರ ಸಾಕು, ಯಾವ ಭಾಷೆಯವನಿಗೂ ತಿಳಿಯುತ್ತದೆ.

ನಮ್ಮ ಸಂಘಗಳು ಮಾಡಬೇಕಾದದ್ದು ಇನ್ನೂ ಸುಲಭ. ಸಮುದ್ರ ದಡದ ಯಾವುದೇ ಪಿಕ್‌ನಿಕ್ಕಿನ ಆಹ್ವಾನದಲ್ಲಿ ಸೇರುವ ಹೊತ್ತಿನ ಕೆಳಗೆ ಆ ದಿನದ ಉಬ್ಬರದ ಹೊತ್ತನ್ನೂ ಹಾಕಲಿ. ಹಾಕುವವರು ಗಡಿಯಾರದ ತೊಡಕೊಂದನ್ನು ಗಮನದಲ್ಲಿಡಬೇಕು. ಅಚ್ಚಿನ ಉಬ್ಬರ ಪಟ್ಟಿಗಳಲ್ಲಿ ಎಷ್ಟೋ ಗ್ರೀನಿಚ್ ಸಮಯದಲ್ಲಿರುತ್ತವೆ, ಬೇಸಿಗೆಯಲ್ಲಿ ಅದಕ್ಕೆ ಒಂದು ಗಂಟೆ ಕೂಡಿಸಬೇಕು. ಇನ್ನು ಕೆಲವು ಪಟ್ಟಿಗಳಲ್ಲಿ, ಮೊಬೈಲ್ ಆ್ಯಪುಗಳಲ್ಲಿ, ಅವರೇ ಕೂಡಿಸಿರುತ್ತಾರೆ. ಕೂಡಿಸಿದ್ದಕ್ಕೆ ಮತ್ತೆ ಕೂಡಿಸಿದವನು ಸಂಜೆ ಹೊರಟರೆ, ನೀರು ಅವನು ಎಣಿಸಿದ್ದಕ್ಕಿಂತ ಒಂದು ಗಂಟೆ ಮೊದಲೇ ಬರುತ್ತದೆ. ಕೂಡಿಸದೆ ಬಿಟ್ಟವನು ಉಬ್ಬರ ಮುಗಿಯಿತೆಂದು ದಡಕ್ಕಿಳಿಯುವಾಗ ನೀರು ಇನ್ನೂ ಏರುತ್ತಲೇ ಇರುತ್ತದೆ. ಪಟ್ಟಿಯ ಅಡಿಯಲ್ಲಿ ಯಾವ ಸಮಯ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕನ್ನಡಕ ಹಾಕಿಕೊಂಡಾದರೂ ಓದಿ. ಇನ್ನು, ಈ ಕೊಲ್ಲಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ದೊಡ್ಡ ಉಬ್ಬರಗಳು ಪೂರ್ತಿಯಾಗುವುದು ನಡುಹಗಲಿನ ಹಾಗೂ ನಡುರಾತ್ರಿಯ ಆಸುಪಾಸಿಗೆ. ನೀರು ಅಳಿವೆಗೆ ನುಗ್ಗುವುದು ಅದಕ್ಕೆ ಒಂದೆರಡು ಗಂಟೆ ಮೊದಲು. ಮ್ಯಾಂಚೆಸ್ಟರಿನಿಂದ ತಿಂಡಿ ಮುಗಿಸಿ ಹೊರಟವರು ಆರ್ನ್‌ಸೈಡಿನಲ್ಲಿ ಕಾರು ನಿಲ್ಲಿಸಿ ಇಳಿಯುವ ಹೊತ್ತೂ ಅದೇ. ಈಸ್ಟರ್ ವಾರದಲ್ಲಿ ಬೆಳಗ್ಗೆ ಬಂದವರು ಊರಿನ ದಡದ ರಸ್ತೆಯ ಮೇಲೆ ನಿಂತು ನೊರೆಗೆರೆ ನೋಡಿ, ಕಾಡಿನ ದಾರಿಯಲ್ಲಿ ಗುಡ್ಡ ಹತ್ತಲಿ. ಬಂಡೆಯ ದಡಕ್ಕೆ ಇಳಿಯುವ ಆಸೆಯನ್ನು ಸಣ್ಣ ಉಬ್ಬರದ ಬೇರೊಂದು ದಿನಕ್ಕೆ ಇಟ್ಟುಕೊಳ್ಳಲಿ. ಅಷ್ಟಮಿ ನವಮಿಯ ಕಡೆಗೆ ಉಬ್ಬರದ ಜೋರು ಇಳಿದಿರುತ್ತದೆ. ಇಳಿದಿರುತ್ತದೆ ಅಷ್ಟೆ, ಇಲ್ಲವಾಗಿರುವುದಿಲ್ಲ.

ಇಷ್ಟಾಗಿಯೂ ಸಿಕ್ಕಿಕೊಂಡರೆ 999ಕ್ಕೆ ಕರೆ ಮಾಡಿ ಕೋಸ್ಟ್‌ಗಾರ್ಡ್ ಬೇಕೆಂದು ಕೇಳಬೇಕು. ಪೊಲೀಸ್, ಆಂಬುಲೆನ್ಸ್ ಎಂದು ಹೇಳಿ ಹೊತ್ತು ಕಳೆಯಬಾರದು. ಮೋರ್‌ಕಂಬಿನಲ್ಲಿ ಲೈಫ್‌ಬೋಟ್ ಸಂಸ್ಥೆಯ ಹೋವರ್‌ಕ್ರಾಫ್ಟ್ 2002ರಿಂದ ಇದೆ. ಮರಳು, ಕೆಸರು, ನೀರು ಯಾವುದರ ಮೇಲಾದರೂ ಬರುತ್ತದೆ. ಅದು ಬರಬೇಕಾದರೆ ನೀವು ಎಲ್ಲಿದ್ದೀರಿ ಎಂದು ಅವರಿಗೆ ತಿಳಿಯಬೇಕು. 2004ರ ಆ ರಾತ್ರಿ ಮರಳಿನಿಂದ ಹೋದ ಫೋನ್ ಕರೆಯಲ್ಲಿ ಇಂಗ್ಲಿಷಿನ ಒಂದೆರಡು ಒಡಕು ಪದಗಳ ಆಚೆ ಏನೂ ತಿಳಿಯಲಿಲ್ಲ. ‘ಸಮುದ್ರದ ಹತ್ತಿರ, ಕಲ್ಲು ಇದೆ’ ಎಂದರೆ ಈ ಇಡೀ ದಡವೇ ಕಲ್ಲು. ಆದ್ದರಿಂದ ಕಾರಿನಿಂದ ಇಳಿಯುವ ಮುನ್ನ ಗುಂಪಿನ ಎಲ್ಲರ ಬಾಯಲ್ಲೂ, ಮಕ್ಕಳ ಬಾಯಲ್ಲೂ, ಈ ಹೆಸರುಗಳನ್ನು ಉತ್ತರದಿಂದ ದಕ್ಷಿಣಕ್ಕೆ ಒಮ್ಮೆ ಹೇಳಿಸಿ: ಆರ್ನ್‌ಸೈಡ್, ನ್ಯೂ ಬಾರ್ನ್ಸ್, ಬ್ಲ್ಯಾಕ್‌ಸ್ಟೋನ್ ಪಾಯಿಂಟ್, ವೈಟ್ ಕ್ರೀಕ್, ಫಾರ್ ಆರ್ನ್‌ಸೈಡ್, ಸಿಲ್ವರ್‌ಡೇಲ್, ಜೆನ್ನಿ ಬ್ರೌನ್ಸ್ ಪಾಯಿಂಟ್.